ಹೊಲದ ಜೊತೆ ಹೆಬ್ಬೆಟ್ಟೂ ಹೋಯಿತೇ? ಆಧಾರ್ ಬೀಗ, ಬೆರಳಚ್ಚು ಮತ್ತು ಡಿಎನ್‌ಎ

ಪ್ರಶ್ನೆ: ನಮ್ಮದು ಹಾವೇರಿ ಜಿಲ್ಲೆಯ ಒಂದು ಹಳ್ಳಿ. ಆರು ತಿಂಗಳ ಹಿಂದೆ ಅಪ್ಪ ಒಂದೆಕರೆ ಹೊಲ ಮಾರಿ ಕ್ರಯಪತ್ರಕ್ಕೆ ಹೆಬ್ಬೆಟ್ಟು ಒತ್ತಿದ್ದರು. ಮೊನ್ನೆ ಅವರ ಉಳಿತಾಯ ಖಾತೆಯಿಂದ ಬೆನ್ನುಬೆನ್ನಿಗೆ ಎರಡು ದಿನ ಹತ್ತತ್ತು ಸಾವಿರ ರೂಪಾಯಿ ಹೋಗಿದೆ. ಓಟಿಪಿ ಬಂದಿಲ್ಲ, ಅಪ್ಪನ ಹತ್ತಿರ ಎಟಿಎಂ ಕಾರ್ಡೇ ಇಲ್ಲ. ಬ್ಯಾಂಕಿನವರು ‘ನಿಮ್ಮ ತಂದೆಯದೇ ಬೆರಳು ತಾಳೆಯಾಗಿದೆ, ನಾವೇನು ಮಾಡೋಣ’ ಅನ್ನುತ್ತಾರೆ. ದುಡ್ಡು ವಾಪಸ್ ಬರುತ್ತದೆಯೇ? ಬಯೋಮೆಟ್ರಿಕ್ ಲಾಕ್ ಮಾಡಿದರೆ ರೇಷನ್, ಅಮ್ಮನ ಗೃಹಲಕ್ಷ್ಮಿ ನಿಂತುಹೋಗುತ್ತದೆಯೇ? ಇನ್ನೊಂದು ಮಾತು. ಕುವೈತ್‌ನಲ್ಲಿರುವ ನನ್ನ ತಮ್ಮ ‘ಇಲ್ಲಿ ಡಿಎನ್‌ಎ ಕೂಡ ತಗೋತೀವಿ ಅಂದಿದ್ದರಂತೆ. ಆಧಾರ್‌ಗೂ ಡಿಎನ್‌ಎ ಸೇರಿಸಿದರೆ ಈ ಮೋಸ ನಿಲ್ಲುತ್ತೆ’ ಅನ್ನುತ್ತಾನೆ. ಹೌದೇ?

ಉತ್ತರ: ಓದುವುದನ್ನು ಇಲ್ಲಿಗೇ ನಿಲ್ಲಿಸಿ, ಮೊದಲು 1930ಕ್ಕೆ ಫೋನ್ ಮಾಡಿ. ಮಿಕ್ಕಿದ್ದನ್ನು ಆಮೇಲೆ ಓದಿದರೂ ನಡೆಯುತ್ತದೆ. ಸೈಬರ್ ವಂಚನೆಯ ಈ ಸಹಾಯವಾಣಿಗೆ ಖಾತೆ ಸಂಖ್ಯೆ, ಹೋದ ಮೊತ್ತ, ದಿನಾಂಕ, ಗಂಟೆ ಹೇಳಿದರೆ ದೂರಿನ ಸಂಖ್ಯೆ ಕೊಡುತ್ತಾರೆ. ಅದನ್ನು ಬರೆದಿಟ್ಟುಕೊಂಡು ಅದೇ ದಿನ ಬ್ಯಾಂಕಿಗೆ ಲಿಖಿತ ದೂರು ಕೊಡಿ. ಬಾಯಿಮಾತಿನ ದೂರು ದೂರಲ್ಲ. ಎರಡು ಪ್ರತಿ ಮಾಡಿಸಿ, ಒಂದರ ಮೇಲೆ ಶಾಖೆಯ ಸೀಲು, ದಿನಾಂಕ, ಸಹಿ ಹಾಕಿಸಿಕೊಳ್ಳಿ. ಸೀಲು ಹಾಕಲು ತಕರಾರು ಮಾಡಿದರೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ, ಬ್ಯಾಂಕಿನ ಇಮೇಲ್‌ಗೂ ಹಾಕಿ.

ಈ ಅವಸರಕ್ಕೆ ಕಾರಣ ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ. ತಪ್ಪು ಗ್ರಾಹಕರದೂ ಅಲ್ಲ, ಬ್ಯಾಂಕಿನದೂ ಅಲ್ಲ, ಮೂರನೆಯವರದು ಎಂಬಂಥ ವಂಚನೆಯಲ್ಲಿ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಹೊಣೆ ಸೊನ್ನೆ. ನಾಲ್ಕರಿಂದ ಏಳನೇ ದಿನದೊಳಗೆ ತಿಳಿಸಿದರೆ ಹೊಣೆಗೆ ಮಿತಿ ಇದೆ: ಬೇಸಿಕ್ (ಕನಿಷ್ಠ ಮೊತ್ತ ಇಡಬೇಕಿಲ್ಲದ) ಉಳಿತಾಯ ಖಾತೆಗೆ ಹೆಚ್ಚೆಂದರೆ 5,000 ರೂ., ಸಾಮಾನ್ಯ ಉಳಿತಾಯ ಖಾತೆಗೆ 10,000 ರೂ. ಏಳು ದಿನ ದಾಟಿದರೆ ಆಯಾ ಬ್ಯಾಂಕಿನ ನೀತಿಯಂತೆ. ದಿನಗಳನ್ನು ಎಣಿಸುವುದು ಹಣ ಹೋದ ದಿನದಿಂದಲ್ಲ, ಬ್ಯಾಂಕಿನಿಂದ ನಿಮಗೆ ಸೂಚನೆ ಬಂದ ದಿನವನ್ನು ಬಿಟ್ಟು ಮರುದಿನದಿಂದ. ಅಪ್ಪನಿಗೆ ಎಸ್‌ಎಂಎಸ್ ಬರದೆ, ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗಲೇ ಗೊತ್ತಾಗಿದ್ದರೆ ಆ ಮಾತನ್ನು ದೂರಿನಲ್ಲಿ ಸ್ಪಷ್ಟವಾಗಿ ಬರೆಯಿರಿ. ಎಂಟ್ರಿಯ ಪುಟದ ಫೋಟೊ ತೆಗೆದಿಡಿ. ತಿಳಿಸಿದ ಹತ್ತು ಕೆಲಸದ ದಿನಗಳೊಳಗೆ ಬ್ಯಾಂಕು ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಜಮಾ ಮಾಡಬೇಕು, 90 ದಿನಗಳೊಳಗೆ ದೂರನ್ನು ಇತ್ಯರ್ಥ ಮಾಡಬೇಕು. ಗ್ರಾಹಕರದೇ ತಪ್ಪು ಎಂದು ಸಾಬೀತು ಮಾಡುವ ಹೊರೆಯೂ ಬ್ಯಾಂಕಿನದೇ. ಕೌಂಟರಿನಲ್ಲಿ ನಿಮಗೆ ಯಾರೂ ಹೇಳದ ಸಾಲು ಅದೇ.

ಈಗ ಬ್ಯಾಂಕಿನವರ ‘ನಿಮ್ಮ ತಂದೆಯದೇ ಬೆರಳು’ ಎಂಬ ಮಾತಿಗೆ ಬರೋಣ. ಅವರಿಗೆ ಬೆರಳು ಕಂಡಿಲ್ಲ. ಕಂಡದ್ದು ‘ಹೌದು’ ಎಂಬ ಒಂದು ಉತ್ತರ ಮಾತ್ರ.

ಹಣ ಹೋಗಿರುವುದು ಎಇಪಿಎಸ್ ಮೂಲಕ, ಅಂದರೆ ಆಧಾರ್ ಆಧಾರಿತ ಪಾವತಿ ವ್ಯವಸ್ಥೆ. ಊರಿನ ಬ್ಯಾಂಕ್ ಮಿತ್ರ ಸಣ್ಣ ಯಂತ್ರ ಹಿಡಿದು ಹೆಬ್ಬೆಟ್ಟು ಒತ್ತಿಸಿಕೊಂಡು ದುಡ್ಡು ಕೊಡುತ್ತಾರಲ್ಲ, ಅದೇ. ಇದಕ್ಕೆ ಬೇಕಾದ್ದು ಮೂರೇ ಸಂಗತಿ: ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳು. ಖಾತೆ ಸಂಖ್ಯೆ ಬೇಡ, ಪಿನ್ ಬೇಡ, ಓಟಿಪಿ ಬೇಡ. ಓದು ಬರಹ ಬಾರದವರಿಗೂ ಮನೆಬಾಗಿಲಲ್ಲೇ ಹಣ ಸಿಗಲಿ ಎಂದು ಹೀಗೆ ಮಾಡಿದ್ದು. ಅದರಿಂದ ಲಕ್ಷಾಂತರ ಜನಕ್ಕೆ ಉಪಕಾರವಾಗಿದೆ, ಅದನ್ನು ಅಲ್ಲಗಳೆಯುವಂತಿಲ್ಲ. ಒಂದು ವಹಿವಾಟಿಗೆ 10,000 ರೂ. ಮಿತಿ ಇರುವುದರಿಂದಲೇ ಈ ವಂಚನೆಯ ದೂರುಗಳಲ್ಲಿ ‘ಹತ್ತತ್ತು ಸಾವಿರ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ.

ಬೆರಳಿಟ್ಟಾಗ ಯಂತ್ರ ಚಿತ್ರವನ್ನಷ್ಟೇ ನೋಡುವುದಿಲ್ಲ. ಬೆರಳಿನ ಗೆರೆಗಳು ಎಲ್ಲಿ ಮುಗಿಯುತ್ತವೆ, ಎಲ್ಲಿ ಕವಲೊಡೆಯುತ್ತವೆ ಎಂದು ಗುರುತಿಸುತ್ತದೆ. ಇವಕ್ಕೆ ಮಿನೂಷಿಯ ಎನ್ನುತ್ತಾರೆ. ಒಂದು ಒಳ್ಳೆಯ ಹೆಬ್ಬೆಟ್ಟಿನಲ್ಲಿ ಇಂಥ ಹತ್ತಾರು ಬಿಂದುಗಳಿರುತ್ತವೆ. ಪ್ರತಿ ಬಿಂದುವಿಗೂ ಅದರ ಜಾಗ, ಗೆರೆ ಓಡುವ ಕೋನ, ಅಷ್ಟೇ. ಈ ಅಂಕಿಗಳ ಪಟ್ಟಿ ಗೂಢಲಿಪಿಯಾಗಿ ಆಧಾರ್ ಪ್ರಾಧಿಕಾರದ ದತ್ತಾಂಶ ಕೇಂದ್ರಕ್ಕೆ ಹೋಗುತ್ತದೆ (ಒಂದು ಕೇಂದ್ರ ನಮ್ಮ ಬೆಂಗಳೂರಿನಲ್ಲಿ, ಇನ್ನೊಂದು ಹರಿಯಾಣದ ಮಾನೇಸರ್‌ನಲ್ಲಿ). ಅಲ್ಲಿರುವ ಪಟ್ಟಿಯೊಡನೆ ಸಾಕಷ್ಟು ತಾಳೆಯಾದರೆ ‘ಹೌದು’, ಇಲ್ಲದಿದ್ದರೆ ‘ಇಲ್ಲ’ ಎಂಬ ಉತ್ತರ ಹಿಂದಕ್ಕೆ ಬರುತ್ತದೆ. ಹೊಲದ ಕೆಲಸ, ಸುಣ್ಣ, ಸಿಮೆಂಟು, ಬೀಡಿ ಎಲೆ ಹಿಡಿದವರ ಗೆರೆ ಸವೆದಿರುತ್ತವೆ. ಆಗ ಬಿಂದುಗಳು ಸಾಲದೆ ಅಸಲಿ ಮನುಷ್ಯನಿಗೇ ‘ಇಲ್ಲ’ ಬರುತ್ತದೆ. ಅಸಲಿ ಬೆರಳಿಗೆ ಇಲ್ಲ ಅನ್ನುವ ಯಂತ್ರ ನಕಲಿಗೆ ಹೌದು ಅನ್ನುವುದು ವಿಚಿತ್ರ ಅನ್ನಿಸಬಹುದು. ಆದರೆ ಕಾಗದದ ಮೇಲೆ ಮಸಿಯಲ್ಲಿ ನೀಟಾಗಿ ಒತ್ತಿಸಿಕೊಂಡ ಹೆಬ್ಬೆಟ್ಟಿನಲ್ಲಿ ಈ ಬಿಂದುಗಳೆಲ್ಲ ಸ್ಪಷ್ಟವಾಗಿ ಮೂಡಿರುತ್ತವೆ. ಹಳೆಯ ಸ್ಕ್ಯಾನರ್ ನೋಡುವುದು ಗಾಜಿಗೆ ಯಾವ ಗೆರೆ ತಾಕಿತು ಎಂಬುದನ್ನು. ತಾಕಿದ್ದು ಚರ್ಮವೋ ರಬ್ಬರೋ ಎಂಬುದು ಅದಕ್ಕೆ ಗೊತ್ತಾಗದು. ಇದು ಹೊಸ ಗುಟ್ಟೇನಲ್ಲ. ಜಪಾನಿನ ಯೊಕೊಹಾಮದ ಸಂಶೋಧಕರು ಜೆಲಟಿನ್ ಬೆರಳಿನಿಂದ ಸ್ಕ್ಯಾನರ್‌ಗಳನ್ನು ಯಾಮಾರಿಸಿ ತೋರಿಸಿದ್ದು 2002ರಲ್ಲೇ.

ಹಾಗಾದರೆ ಅಂಥ ನೀಟಾದ ಹೆಬ್ಬೆಟ್ಟು ಎಲ್ಲಿ ಸಿಗುತ್ತದೆ? ನಿಮ್ಮ ಮನೆಯ ಕ್ರಯಪತ್ರವನ್ನೇ ಬಿಚ್ಚಿ ನೋಡಿ. ಅಪ್ಪನ ಹೆಸರು, ಅಜ್ಜನ ಹೆಸರು, ವಿಳಾಸ, ಫೋಟೊ, ಹೆಬ್ಬೆಟ್ಟು, ಬಹುಶಃ ಆಧಾರ್ ಮತ್ತು ಪ್ಯಾನ್ ಸಂಖ್ಯೆ, ಹಣ ಸಂದಾಯದ ವಿವರದಲ್ಲಿ ಬ್ಯಾಂಕಿನ ಹೆಸರು. ಎಇಪಿಎಸ್‌ಗೆ ಬೇಕಾದ ಮೂರೂ ಸಂಗತಿ ಒಂದೇ ಕಟ್ಟಿನಲ್ಲಿವೆ! 1908ರ ನೋಂದಣಿ ಕಾಯ್ದೆಯ 32ಎ ಕಲಮಿನ ಪ್ರಕಾರ ಫೋಟೊ, ಬೆರಳಚ್ಚು ಕಡ್ಡಾಯ. ಅದೇ ಕಾಯ್ದೆಯ 57ನೇ ಕಲಮಿನ ಪ್ರಕಾರ ಸ್ಥಿರಾಸ್ತಿಯ ದಾಖಲೆ ಶುಲ್ಕ ಕಟ್ಟಿದ ಯಾರಿಗಾದರೂ ತೆರೆದದ್ದು. ಜಮೀನು ಕೊಳ್ಳುವವರು ಹಳೆಯ ಪತ್ರ ಪರೀಕ್ಷಿಸಲಿ ಎಂಬ ಸದುದ್ದೇಶದ ನಿಯಮ ಅದು. 1908ರಲ್ಲಿ ಹೆಬ್ಬೆಟ್ಟಿನಿಂದ ದುಡ್ಡು ತೆಗೆಯುವ ಯಂತ್ರ ಇರಲಿಲ್ಲ. 2018ರಲ್ಲಿ ತೆಲಂಗಾಣದಲ್ಲಿ ನೋಂದಣಿ ಪತ್ರಗಳ ಹೆಬ್ಬೆಟ್ಟನ್ನು ನಕಲು ಮಾಡಿ ಸಾವಿರಾರು ಸಿಮ್ ಚಾಲೂ ಮಾಡಿದ ಪ್ರಕರಣ ಬಯಲಾಯಿತು. 2023ರಲ್ಲಿ ಬೆಂಗಳೂರಿನಲ್ಲಿ ಆಗಷ್ಟೇ ಆಸ್ತಿ ನೋಂದಣಿ ಮಾಡಿಸಿದವರ ಖಾತೆಗಳಿಂದ ಹಣ ಹೋಗತೊಡಗಿದಾಗ ಅನುಮಾನ ತಿರುಗಿದ್ದು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದ ಪತ್ರಗಳ ಕಡೆಗೆ. ಆಮೇಲೆ ಜಾಲತಾಣದ ಪ್ರತಿಗಳಲ್ಲಿ ಬೆರಳಚ್ಚು ಮರೆಮಾಡುವ ಕೆಲಸ ಶುರುವಾಯಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, ಅದಕ್ಕೂ ಮೊದಲೇ ಇಳಿಸಿಕೊಂಡ ಪ್ರತಿಗಳು ಇಳಿಸಿಕೊಂಡವರ ಹತ್ತಿರವೇ ಉಳಿದವು. ಜೆರಾಕ್ಸ್ ಅಂಗಡಿಯ ಕಂಪ್ಯೂಟರ್, ಪತ್ರ ಬರಹಗಾರರ ಪೆನ್‌ಡ್ರೈವ್ ಬೇರೆ.

ಆದರೂ ಕ್ರಯಪತ್ರದ ಮೇಲೇ ತಪ್ಪು ಹೊರಿಸುವ ಮೊದಲು ಇನ್ನೊಂದು ಸಾಧ್ಯತೆ ನೋಡಿ. ಹಳ್ಳಿಗಳಲ್ಲಿ ಅದೇ ಹೆಚ್ಚು ಎಂದು ನನ್ನ ಅಂದಾಜು. ‘ಸರ್ವರ್ ಇಲ್ಲ ಯಜಮಾನ್ರೇ, ಇನ್ನೊಂದ್ಸಲ ಬೆರಳಿಡಿ’ ಎಂದು ಕೆಲವು ಏಜೆಂಟರು (ಬ್ಯಾಂಕ್ ಮಿತ್ರರು) ಎರಡನೇ ಸಲ ಒತ್ತಿಸಿಕೊಳ್ಳುತ್ತಾರೆ. ಮೊದಲನೆಯದೂ ದಾಟಿರುತ್ತದೆ, ಎರಡನೆಯದೂ ದಾಟಿರುತ್ತದೆ. ಇಲ್ಲಿ ಬೆರಳು ಅಸಲಿಯೇ.

ಎರಡರಲ್ಲಿ ಯಾವುದು ಎಂದು ತಿಳಿಯಲು ಒಂದು ಕನ್ನಡಿ ಇದೆ: ಆಧಾರ್ ದೃಢೀಕರಣ ಇತಿಹಾಸ. ಮೈಆಧಾರ್ ಪೋರ್ಟಲ್‌ನಲ್ಲಿ ಅಪ್ಪನ ಆಧಾರ್ ಸಂಖ್ಯೆ, ಅವರ ಮೊಬೈಲ್‌ಗೆ ಬರುವ ಓಟಿಪಿ ಹಾಕಿ ಒಳಹೊಕ್ಕು ‘ಅಥೆಂಟಿಕೇಷನ್ ಹಿಸ್ಟರಿ’ ತೆರೆಯಿರಿ. ಹಿಂದಿನ ಆರು ತಿಂಗಳವರೆಗಿನ ದಾಖಲೆ ಸಿಗುತ್ತದೆ, ಒಂದು ಸಲಕ್ಕೆ 50. ಪ್ರತಿ ಸಾಲಿನಲ್ಲಿ ದಿನಾಂಕ, ಗಂಟೆ ನಿಮಿಷ, ಬೆರಳೋ ಓಟಿಪಿಯೋ, ಯಾವ ಸಂಸ್ಥೆ ಕೇಳಿತು, ಯಶಸ್ಸೋ ವಿಫಲವೋ, ವಿಫಲವಾದರೆ ದೋಷದ ಸಂಖ್ಯೆ. ಹಣ ಹೋದ ಗಳಿಗೆಯ ಸಾಲು ಹುಡುಕಿ. ಅದಕ್ಕೆ ಹತ್ತು ನಿಮಿಷ ಮುಂಚೆ ಅಥವಾ ನಂತರ ಅಪ್ಪ ತಾವೇ ಒತ್ತಿದ ಇನ್ನೊಂದು ಸಾಲಿದ್ದರೆ ಅದು ಏಜೆಂಟನ ಕೈಚಳಕ. ಅಪ್ಪ ಹೊಲದಲ್ಲಿದ್ದ ಹೊತ್ತಿಗೆ ಸಂಬಂಧವೇ ಇಲ್ಲದ ಬ್ಯಾಂಕಿನ ಹೆಸರಿನಲ್ಲಿ ಮೂರ್ನಾಲ್ಕು ಸಾಲು ಸತತವಾಗಿ ‘300’ ಎಂದು ವಿಫಲವಾಗಿ, ಐದನೆಯದು ಯಶಸ್ಸು ಕಂಡಿದ್ದರೆ ಅದು ನಕಲಿ ಬೆರಳು ಎಂದು ಬಲವಾಗಿ ಅನುಮಾನಿಸಬಹುದು. 300 ಅಂದರೆ ಬಯೋಮೆಟ್ರಿಕ್ ತಾಳೆಯಾಗಲಿಲ್ಲ ಎಂದು. ನಕಲನ್ನು ಆಚೀಚೆ ಸರಿಸಿ, ಒತ್ತಡ ಬದಲಿಸಿ ನೋಡಿದ ಗುರುತು ಅದು. ಈ ಪುಟವನ್ನು ಮುದ್ರಿಸಿ ದೂರಿಗೆ ಲಗತ್ತಿಸಿ. ಆರು ತಿಂಗಳು ದಾಟಿದರೆ ಇದು ನಿಮಗೆ ಕಾಣುವುದಿಲ್ಲ, ಹಾಗಾಗಿ ತಡಮಾಡಬೇಡಿ. ಈ ಆರು ತಿಂಗಳ ಮಿತಿ ಆಕಸ್ಮಿಕವಲ್ಲ. ದೃಢೀಕರಣದ ದಾಖಲೆಯನ್ನು ಅದಕ್ಕಿಂತ ಹೆಚ್ಚು ಇಡಬಾರದೆಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಹೇಳಿತು. ಆ ಮೊಕದ್ದಮೆ ಹೂಡಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಬ್ಯಾಂಕಿಗೆ ಬರೆಯುವ ದೂರಿನಲ್ಲಿ ಮೂರು ಮಾಹಿತಿ ಕೇಳಿ: ವಹಿವಾಟನ್ನು ಗುರುತಿಸುವ 12 ಅಂಕಿಯ ಆರ್‌ಆರ್‌ಎನ್ ಸಂಖ್ಯೆ, ಹಣ ತೆಗೆದ ಯಂತ್ರದ ಟರ್ಮಿನಲ್ ಐಡಿ, ಆ ಏಜೆಂಟ್ ಯಾವ ಊರಿನವರು ಮತ್ತು ಯಾವ ಬ್ಯಾಂಕಿಗೆ ಸೇರಿದವರು. ಬಿಹಾರದ ಟರ್ಮಿನಲ್ಲು, ಹಾವೇರಿಯ ಅಪ್ಪ ಎಂದು ಕಾಗದದಲ್ಲಿ ಬಂದ ಮೇಲೆ ‘ನಿಮ್ಮದೇ ಬೆರಳು’ ಎಂಬ ವಾದಕ್ಕೆ ಕಾಲಿರುವುದಿಲ್ಲ. ಆ ದಿನ ಅಪ್ಪ ಊರಲ್ಲೇ ಇದ್ದರು ಎನ್ನಲು ರೇಷನ್ ಅಂಗಡಿಯ ಚೀಟಿ, ಡೇರಿಯ ಹಾಲಿನ ಪುಸ್ತಕ, ನರೇಗಾ ಹಾಜರಿ, ಏನಿದ್ದರೂ ಲಗತ್ತಿಸಿ. ಪೊಲೀಸ್ ದೂರಿನಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ (ಗುರುತಿನ ಕಳವು), 66ಡಿ (ಇನ್ನೊಬ್ಬರಂತೆ ನಟಿಸಿ ವಂಚನೆ) ಮತ್ತು ಭಾರತೀಯ ನ್ಯಾಯ ಸಂಹಿತೆಯ 319ನೇ ಕಲಮನ್ನು ಹೆಸರಿಸಿ. 30 ದಿನವಾದರೂ ಬ್ಯಾಂಕು ಉತ್ತರಿಸದಿದ್ದರೆ, ಅಥವಾ ತಿರಸ್ಕರಿಸಿದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ) ಅವರ ಸಿಎಂಎಸ್ ದೂರು ಪೋರ್ಟಲ್‌ನಲ್ಲಿ ದೂರು ಸಲ್ಲಿಸಿ. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ. ದುಡ್ಡು ಬಂದೇ ಬರುತ್ತದೆ ಎಂದು ಮಾತು ಕೊಡಲಾರೆ. ಇಷ್ಟು ಕಾಗದ ಕೈಯಲ್ಲಿದ್ದವರಿಗೂ ಬರೀ ‘ಹೋಯ್ತು ಸಾರ್’ ಎಂದವರಿಗೂ ಫಲದಲ್ಲಿ ಅಜಗಜಾಂತರ.

ಇನ್ನು ಬೀಗ. ಇಲ್ಲಿ ಎರಡು ಬೀಗಗಳಿವೆ, ಜನ ಗಲಿಬಿಲಿ ಮಾಡಿಕೊಳ್ಳುವುದೂ ಇಲ್ಲೇ. ‘ಬಯೋಮೆಟ್ರಿಕ್ ಲಾಕ್’ ಹಾಕಿದರೆ ಬೆರಳು, ಕಣ್ಣಿನ ಪಾಪೆ, ಮುಖ ಮೂರೂ ಕೆಲಸ ಮಾಡುವುದಿಲ್ಲ. ಓಟಿಪಿ ಎಂದಿನಂತೆ ನಡೆಯುತ್ತದೆ. ‘ಆಧಾರ್ ಲಾಕ್’ ಬೇರೆ. ಅದು ಹಾಕಿದರೆ 12 ಅಂಕಿಯ ಸಂಖ್ಯೆಯಿಂದ ಯಾವ ದೃಢೀಕರಣವೂ ಆಗದು, ಅದರ ಬದಲಿಗೆ ಬಳಸುವ 16 ಅಂಕಿಯ ತಾತ್ಕಾಲಿಕ ಸಂಖ್ಯೆಯಾದ ವಿಐಡಿಯಿಂದ ಮಾತ್ರ. ನಿಮ್ಮ ಅಪ್ಪನಿಗೆ ಬೇಕಾದ್ದು ಮೊದಲನೆಯದು. ಎರಡನೆಯದನ್ನು ಹಾಕಿ ವಿಐಡಿ ಮರೆತವರ ಪಾಡು ಬೇಡ. ಪೋರ್ಟಲ್‌ನಲ್ಲೂ ಆಧಾರ್ ಆ್ಯಪ್‌ನಲ್ಲೂ ಬಯೋಮೆಟ್ರಿಕ್ ಲಾಕ್ ಸಿಗುತ್ತದೆ, ಐದು ನಿಮಿಷದ ಕೆಲಸ. ಮೊಬೈಲ್ ಸಂಖ್ಯೆ ಆಧಾರ್‌ಗೆ ಜೋಡಣೆಯಾಗಿರಬೇಕು, ಅಷ್ಟೇ ಷರತ್ತು. ಆಗಿಲ್ಲದಿದ್ದರೆ ಆಧಾರ್ ಸೇವಾ ಕೇಂದ್ರಕ್ಕೋ ಅಂಚೆ ಕಚೇರಿಗೋ ಹೋಗಿ ಮೊದಲು ಅದನ್ನು ಮಾಡಿಸಿ. 2025ರ ಅಕ್ಟೋಬರ್‌ನಿಂದ ಇದಕ್ಕೆ 75 ರೂ. ಅಪ್ಪನದೇ ಸಂಖ್ಯೆ ಕೊಡಿ. ಮೊಬೈಲ್ ಅಂಗಡಿಯವನ ಸಂಖ್ಯೆ ಕೊಟ್ಟು ಬಂದವರನ್ನೂ ಕಂಡದ್ದಿದೆ.

ಗೃಹಲಕ್ಷ್ಮಿ, ಪಿಎಂ ಕಿಸಾನ್, ಪಿಂಚಣಿ, ಹಾಲಿನ ಪ್ರೋತ್ಸಾಹಧನ ಇವೆಲ್ಲ ಖಾತೆಗೆ ಬಂದು ಬೀಳುವುದಕ್ಕೆ ಬೆರಳು ಬೇಡ. ಆಧಾರ್ ಸಂಖ್ಯೆ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬ ಪಟ್ಟಿ ನೋಡಿ ಹಣ ಹೋಗುತ್ತದೆ. ಹಾಗಾಗಿ ಲಾಕ್ ಹಾಕಿದರೂ ಅಮ್ಮನ ಎರಡು ಸಾವಿರ ಬರುತ್ತದೆ. ತೆಗೆಯುವಾಗ ಬ್ಯಾಂಕ್ ಮಿತ್ರರ ಹತ್ತಿರ ಹೆಬ್ಬೆಟ್ಟು ಒತ್ತುವುದಾದರೆ ಮಾತ್ರ ಬೀಗ ತೆರೆಯಬೇಕು; ಶಾಖೆಗೆ ಹೋಗಿ ಚೀಟಿ ಬರೆದರೆ ಬೇಡ. ರೇಷನ್‌ಗೆ ಕಾರ್ಡಿನಲ್ಲಿರುವ ಯಾವ ಸದಸ್ಯರ ಬೆರಳಾದರೂ ನಡೆಯುತ್ತದೆ, ಇಕೆವೈಸಿ ಆಗಿದ್ದರೆ ಸಾಕು. ಅಪ್ಪನದು ಲಾಕ್ ಇರಲಿ, ನೀವೋ ಅಮ್ಮನೋ ಒತ್ತಿ. ಅಪ್ಪನೇ ಹೋಗಬೇಕಾಗಿ ಬಂದರೆ ಸರದಿ ಹತ್ತಿರ ಬಂದಾಗ ‘ತಾತ್ಕಾಲಿಕ ಅನ್‌ಲಾಕ್’ ಒತ್ತಿ. ಹತ್ತು ನಿಮಿಷ ತೆರೆದಿದ್ದು ತಾನಾಗಿ ಮುಚ್ಚಿಕೊಳ್ಳುತ್ತದೆ. ಮನೆಯಿಂದ ಹೊರಡುವಾಗಲೇ ಒತ್ತಿದರೆ ಅಂಗಡಿ ಮುಟ್ಟುವಷ್ಟರಲ್ಲಿ ಹತ್ತು ನಿಮಿಷ ಕಳೆದಿರುತ್ತದೆ, ಯಂತ್ರ ‘330’ ಎಂದು ತೋರಿಸುತ್ತದೆ. 330 ಅಂದರೆ ಬಯೋಮೆಟ್ರಿಕ್ ಲಾಕ್ ಆಗಿದೆ ಎಂದು. ಲಾಕ್ ಹಾಕಿದ ಮೇಲೆ ಇತಿಹಾಸದಲ್ಲಿ ನಿಮಗೆ ಗೊತ್ತಿಲ್ಲದ 330 ಕಂಡರೆ ಯಾರೋ ಬಂದು ಬಾಗಿಲು ತಟ್ಟಿ ಹೋಗಿದ್ದಾರೆ ಎಂದರ್ಥ. ನನ್ನ ಮಟ್ಟಿಗೆ ಆ ಪುಟದ ಅತ್ಯಂತ ಉಪಯುಕ್ತ ಸಂಖ್ಯೆ ಅದೇ.

ಇನ್ನೊಂದು ಬಾಗಿಲೂ ಇದೆ. ಎಇಪಿಎಸ್ ಮೂಲಕ ಹಣ ತೆಗೆಯುವುದನ್ನೇ ನಿಲ್ಲಿಸಿ ಎಂದು ಬ್ಯಾಂಕಿಗೆ ಬರೆದುಕೊಡಬಹುದು. ಅಪ್ಪನಿಗೆ ಎರಡು ಬ್ಯಾಂಕಿನಲ್ಲಿ ಖಾತೆಯಿದ್ದು ಎರಡಕ್ಕೂ ಆಧಾರ್ ಕೊಟ್ಟಿದ್ದರೆ ಎರಡಕ್ಕೂ ಬರೆಯಿರಿ. ಪೋರ್ಟಲ್‌ನ ‘ಬ್ಯಾಂಕ್ ಸೀಡಿಂಗ್’ ಪುಟ ತೋರಿಸುವುದು ಸರ್ಕಾರದ ಹಣ ಬರುವ ಒಂದು ಖಾತೆಯನ್ನು ಮಾತ್ರ. ಕಳ್ಳನಿಗೆ ಆ ಮಿತಿ ಇಲ್ಲ, ಆಧಾರ್ ಪಡೆದ ಯಾವ ಬ್ಯಾಂಕಿನ ಹೆಸರನ್ನಾದರೂ ಒತ್ತಬಹುದು. ಸಿಟ್ಟಿನಲ್ಲಿ ‘ಆಧಾರ್ ಜೋಡಣೆಯನ್ನೇ ತೆಗೆದುಹಾಕಿ’ ಎಂದು ಬರೆದುಕೊಟ್ಟರೆ ಸರ್ಕಾರದ ಹಣವೂ ನಿಲ್ಲುತ್ತದೆ. ಹಾಗೆ ಮಾಡಬೇಡಿ.

ಸರ್ಕಾರವೂ ಸುಮ್ಮನೆ ಕೂತಿಲ್ಲ. 2023ರ ಫೆಬ್ರುವರಿಯಿಂದ ಬೆರಳಿನ ಬಿಂದುಗಳ ಜೊತೆ ಬೆರಳಿನ ಚಿತ್ರವನ್ನೂ ನೋಡಿ, ಜೀವಂತ ಬೆರಳೇ ಎಂದು ಪರೀಕ್ಷಿಸುವ ವ್ಯವಸ್ಥೆ ಬಂದಿದೆ. ಗೂಢಲಿಪಿ ಮಾಡುವ ಕೆಲಸವನ್ನು ಹೊರಗಿನ ತಂತ್ರಾಂಶಕ್ಕೆ ಬಿಡದೆ ಯಂತ್ರದೊಳಗೇ ಮುಗಿಸುವ ಎಲ್‌1 ಸಾಧನಗಳು ಹಳೆಯ ಎಲ್‌0 ಜಾಗಕ್ಕೆ ಬಂದಿವೆ. ಮೂರು ತಿಂಗಳು ವಹಿವಾಟು ಮಾಡದ ಏಜೆಂಟನ ಕೆವೈಸಿ ಮತ್ತೆ ಮಾಡಿಸಿಯೇ ಚಾಲೂ ಮಾಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2026ರ ಜನವರಿ 1ರಿಂದ ಜಾರಿಯಾಗಿದೆ. ನನ್ನ ಕೇಳಿದರೆ ಈ ಮೂರರಲ್ಲಿ ಕೊನೆಯದೇ ಗಟ್ಟಿ. ರಬ್ಬರ್ ಬೆರಳು ಯಾರ ಹತ್ತಿರವಾದರೂ ಇರಬಹುದು, ಆದರೆ ಹಣ ಹೊರಬರಲು ಒಬ್ಬ ಏಜೆಂಟನ ಐಡಿ ಬೇಕೇ ಬೇಕು.

ಜೆರಾಕ್ಸ್ ಪ್ರತಿಯ ಬಗ್ಗೆ ಒಂದೇ ಮಾತು. ಮೊದಲ ಎಂಟು ಅಂಕಿ ಮರೆಯಾದ ‘ಮಾಸ್ಕ್ಡ್ ಆಧಾರ್’ ಇಳಿಸಿಕೊಂಡು ಅದನ್ನೇ ಕೊಡಿ. 2022ರ ಮೇ 27ರಂದು ಪ್ರಾಧಿಕಾರದ ಬೆಂಗಳೂರು ಕಚೇರಿ ಇದೇ ಸಲಹೆ ಕೊಟ್ಟು, ಗದ್ದಲವಾಗಿ ಎರಡು ದಿನಕ್ಕೆ ಹಿಂತೆಗೆದುಕೊಂಡರು. ಸಲಹೆ ಸರಿಯಾಗಿಯೇ ಇತ್ತು. ಹಾಗೆಯೇ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಅಪ್ಪನ ಹೆಸರಿನಲ್ಲಿ ಎಷ್ಟು ಸಿಮ್ ಇವೆ ನೋಡಿ, ಗೊತ್ತಿಲ್ಲದ್ದನ್ನು ಅಲ್ಲೇ ‘ನನ್ನದಲ್ಲ’ ಎಂದು ಗುರುತಿಸಿ. ವರ್ಷಕ್ಕೊಮ್ಮೆ ಉಚಿತವಾಗಿ ಸಿಗುವ ಕ್ರೆಡಿಟ್ ವರದಿಯಲ್ಲಿ ಮಾಡದ ಸಾಲ ಇದೆಯೇ ಎಂದೂ ನೋಡಿ.

ಈಗ ನಿಮ್ಮ ತಮ್ಮನ ಪ್ರಶ್ನೆ. ಕುವೈತ್ ಮಾತು ಸುಳ್ಳಲ್ಲ. 2015ರ ಜೂನ್‌ನಲ್ಲಿ ಅಲ್ಲಿನ ಮಸೀದಿಯೊಂದರಲ್ಲಿ ಬಾಂಬ್ ಸ್ಫೋಟವಾದ ಮೇಲೆ, ನಾಗರಿಕರು, ವಲಸಿಗರು, ಭೇಟಿಗೆ ಬಂದವರು ಎನ್ನದೆ ಎಲ್ಲರ ಡಿಎನ್‌ಎ ಸಂಗ್ರಹಿಸುವ ಕಾನೂನು ಮಾಡಿದರು. ಪ್ರಪಂಚದಲ್ಲಿ ಅಂಥದ್ದು ಅದೇ ಮೊದಲು. ಆದರೆ 2017ರ ಅಕ್ಟೋಬರ್‌ನಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯವೇ ಅದನ್ನು ರದ್ದು ಮಾಡಿತು. ಇತ್ತೀಚೆಗೆ ಅಲ್ಲಿ ಉಡುಪಿ, ಮಂಗಳೂರಿನ ಹುಡುಗರು ಸಾಲು ನಿಂತು ಕೊಟ್ಟದ್ದು ಬೆರಳಚ್ಚು ಮುಂತಾದ ಬಯೋಮೆಟ್ರಿಕ್, ಡಿಎನ್‌ಎ ಅಲ್ಲ. ಆಧಾರ್‌ನಲ್ಲೂ ಇವತ್ತು ಇರುವುದು ಹತ್ತು ಬೆರಳು, ಎರಡು ಕಣ್ಣು, ಒಂದು ಮುಖ. ಆದರೆ 2016ರ ಆಧಾರ್ ಕಾಯ್ದೆಯಲ್ಲಿ ಬಯೋಮೆಟ್ರಿಕ್ ಎಂದರೇನು ಎಂದು ಹೇಳುವಾಗ ಇವುಗಳ ಜೊತೆ ‘ನಿಯಮಗಳಲ್ಲಿ ಸೂಚಿಸಬಹುದಾದ ಇತರ ಜೈವಿಕ ಲಕ್ಷಣಗಳು’ ಎಂಬ ಬಾಲವನ್ನೂ ಅಂಟಿಸಿದ್ದಾರೆ. ಬಾಗಿಲು ಹಾಕಿದೆ, ಅಗುಳಿ ಹಾಕಿಲ್ಲ.

ಡಿಎನ್‌ಎ ಬಂದರೆ ಮೋಸ ನಿಲ್ಲುತ್ತದೆಯೇ ಅಂದರೆ, ಇಲ್ಲ. ಗುರುತಿಗಾಗಿ ಮಾಡುವ ಡಿಎನ್‌ಎ ಪ್ರೊಫೈಲ್ ಅಂದರೆ ನಿಮ್ಮ ಇಡೀ ಜೀನ್‌ಗಳ ಪುಸ್ತಕವಲ್ಲ, ಒಂದು ಸಣ್ಣ ಅಂಕಿಪಟ್ಟಿ. ವರ್ಣತಂತುಗಳ ಕೆಲವು ಜಾಗಗಳಲ್ಲಿ ಒಂದೇ ಚಿಕ್ಕ ತುಣುಕು ಎಷ್ಟು ಸಲ ಪುನರಾವರ್ತನೆಯಾಗಿದೆ ಎಂದು ಎಣಿಸುತ್ತಾರೆ. ಒಂದು ಜಾಗದಲ್ಲಿ ‘12, 14’ ಎಂದಿದ್ದರೆ ಒಂದು ಅಮ್ಮನಿಂದ ಬಂದದ್ದು, ಇನ್ನೊಂದು ಅಪ್ಪನಿಂದ. ಅಮೆರಿಕದಲ್ಲಿ ಇಂಥ 13 ಜಾಗ ನೋಡುತ್ತಿದ್ದರು, 2017ರಿಂದ 20 ನೋಡುತ್ತಾರೆ. ಇದಕ್ಕೆ ವೇಗದ ಯಂತ್ರಕ್ಕೂ ಸುಮಾರು ಒಂದೂವರೆ ಗಂಟೆ ಬೇಕು. ರೇಷನ್ ಅಂಗಡಿ ಮುಂದೆ ಒಬ್ಬೊಬ್ಬರಿಗೂ ಒಂದೂವರೆ ಗಂಟೆ! ಅವಳಿಗಳ ಬೆರಳಚ್ಚು ಬೇರೆಬೇರೆ, ಆದರೆ ತದ್ರೂಪಿ ಅವಳಿಗಳ ಈ ಅಂಕಿಪಟ್ಟಿ ಒಂದೇ. ಕದಿಯುವುದಂತೂ ಬೆರಳಿಗಿಂತ ಸಲೀಸು: ಕುಡಿದಿಟ್ಟ ಲೋಟ, ಸೇದಿ ಎಸೆದ ಬೀಡಿ, ಬಾಚಣಿಗೆಯ ಕೂದಲು ಸಾಕು. ಅಪ್ಪನ ದುಡ್ಡು ಹೋದದ್ದು ಬೆರಳು ದುರ್ಬಲ ಎಂದಲ್ಲ. ಎಲ್ಲರಿಗೂ ಕಾಣುವ, ಬದಲಿಸಲಾಗದ ಒಂದು ಗುರುತನ್ನೇ ಪಾಸ್‌ವರ್ಡಿನ ಹಾಗೆ ಬಳಸಿದ್ದರಿಂದ. ಡಿಎನ್‌ಎ ಬಂದರೂ ಆ ಕಥೆ ಬದಲಾಗದು.

ಡಿಎನ್‌ಎ ಭಂಡಾರದ ಇನ್ನೊಂದು ತೊಡಕು ಲೆಕ್ಕದ್ದು. ‘ಈತ ಇವನೇ ಹೌದೇ’ ಎಂದು ಒಬ್ಬನೊಡನೆ ಹೋಲಿಸುವುದು ಬೇರೆ, ‘ಇದು ಯಾರದಿರಬಹುದು’ ಎಂದು ಇಡೀ ಭಂಡಾರ ಜಾಲಾಡುವುದು ಬೇರೆ. ಅಪರಾಧದ ಜಾಗದಲ್ಲಿ ಅರ್ಧಂಬರ್ಧ ಮಾದರಿ ಸಿಕ್ಕಿ, ಅಪರಿಚಿತನೊಬ್ಬನಿಗೆ ಅದು ಆಕಸ್ಮಿಕವಾಗಿ ತಾಳೆಯಾಗುವ ಸಾಧ್ಯತೆ ಹತ್ತು ಲಕ್ಷಕ್ಕೆ ಒಂದು ಎನ್ನಿ. ಕೇಳಲು ಖಚಿತ ಅನ್ನಿಸುತ್ತದೆ. ಆದರೆ 140 ಕೋಟಿ ಜನರ ಭಂಡಾರದಲ್ಲಿ ಅದು 1,400 ಜನರಿಗೆ ತಾಳೆಯಾಗುತ್ತದೆ. ಇಂಗ್ಲೆಂಡಿನಲ್ಲಿ 1999ರ ಸುಮಾರಿಗೆ ಆದದ್ದು ಇದೇ. ಬೋಲ್ಟನ್ ಊರಿನ ಕಳ್ಳತನದ ಮಾದರಿ, ಆರು ಜಾಗಗಳ ಪರೀಕ್ಷೆಯಲ್ಲಿ, ದೂರದ ಸ್ವಿಂಡನ್‌ನ ಒಬ್ಬರಿಗೆ ತಾಳೆಯಾಯಿತು. ಆಕಸ್ಮಿಕದ ಸಾಧ್ಯತೆ 3.7 ಕೋಟಿಗೆ ಒಂದು ಎಂದರು. ಆತ ಪಾರ್ಕಿನ್ಸನ್ ಕಾಯಿಲೆ ಬಲಿತು ಓಡಾಡಲೂ ಕಷ್ಟಪಡುತ್ತಿದ್ದ ಮನುಷ್ಯ. ಹತ್ತು ಜಾಗಗಳ ಪರೀಕ್ಷೆ ಮಾಡಿಸಿದ ಮೇಲೆ ಆತನದಲ್ಲ ಎಂದಾಯಿತು. ಜರ್ಮನಿಯದು ಇನ್ನೂ ಸ್ವಾರಸ್ಯ. ಕೊಲೆಯಿಂದ ಹಿಡಿದು ಸಣ್ಣ ಕಳ್ಳತನದವರೆಗೆ ಸುಮಾರು 40 ಜಾಗಗಳಲ್ಲಿ ಒಬ್ಬಳೇ ಹೆಂಗಸಿನ ಡಿಎನ್‌ಎ ಸಿಕ್ಕಿ, ಪೊಲೀಸರು ವರ್ಷಗಟ್ಟಲೆ ಆಕೆಯನ್ನು ಹುಡುಕಿದರು. 2009ರಲ್ಲಿ ಗೊತ್ತಾಯಿತು: ಅದು ಮಾದರಿ ತೆಗೆಯುವ ಹತ್ತಿಕಡ್ಡಿಗಳನ್ನು ತಯಾರಿಸುವಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸಿನದು. ಕಡ್ಡಿಗಳಲ್ಲಿ ರೋಗಾಣು ಇರಲಿಲ್ಲ, ಡಿಎನ್‌ಎ ಇತ್ತು.

ಬೆರಳು ನಿಮ್ಮೊಬ್ಬರದು, ಡಿಎನ್‌ಎ ಮನೆಮಂದಿಯದೆಲ್ಲ. ನಿಮ್ಮ ತಮ್ಮ ಕೊಟ್ಟರೆ ಅರ್ಧಕ್ಕರ್ಧ ನೀವೂ ಕೊಟ್ಟ ಹಾಗೆ. ಜನರ ಡಿಎನ್‌ಎ ಪರೀಕ್ಷೆ ಮಾಡಿಕೊಡುವ ಅಮೆರಿಕದ 23ಆಂಡ್‌ಮಿ ಕಂಪನಿಯಲ್ಲಿ 2023ರಲ್ಲಿ ಕಳ್ಳರು ನೇರವಾಗಿ ಹೊಕ್ಕದ್ದು ಸುಮಾರು 14,000 ಖಾತೆಗಳಿಗೆ. ‘ನಿಮ್ಮ ಬಂಧುಗಳು’ ಎಂಬ ಸೌಲಭ್ಯದಿಂದಾಗಿ ಬಯಲಾದದ್ದು 69 ಲಕ್ಷ ಜನರ ವಿವರ.

ನಮ್ಮಲ್ಲಿ ಡಿಎನ್‌ಎ ಭಂಡಾರಕ್ಕೆಂದೇ 2019ರಲ್ಲಿ ಲೋಕಸಭೆಯಲ್ಲಿ ಮಂಡಿಸಿದ ಮಸೂದೆಯನ್ನು 2023ರ ಜುಲೈನಲ್ಲಿ ಹಿಂತೆಗೆದುಕೊಂಡರು. ಹಾಗೆಂದು ವಿಷಯ ಮುಗಿಯಲಿಲ್ಲ. 2022ರ ಆಗಸ್ಟ್ 4ರಿಂದ ಜಾರಿಯಲ್ಲಿರುವ ಅಪರಾಧ ಪ್ರಕ್ರಿಯೆ (ಗುರುತಿಸುವಿಕೆ) ಕಾಯ್ದೆ, ಬಂಧಿತರಿಂದ ಬೆರಳು, ಅಂಗೈ, ಪಾದ, ಕಣ್ಣುಗಳ ಜೊತೆ ‘ಜೈವಿಕ ಮಾದರಿ ಮತ್ತು ಅದರ ವಿಶ್ಲೇಷಣೆ’ಯನ್ನೂ ಪಡೆಯಲು ಬಿಡುತ್ತದೆ. ದಾಖಲೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದಲ್ಲಿ 75 ವರ್ಷ ಇರುತ್ತದೆ. ಮಹಿಳೆ ಅಥವಾ ಮಗುವಿನ ಮೇಲಿನ ಅಪರಾಧವಲ್ಲದ, ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಆರೋಪದಲ್ಲಿ ಬಂಧಿತರಾದವರು ಜೈವಿಕ ಮಾದರಿ ಕೊಡಲು ನಿರಾಕರಿಸಬಹುದು. ಠಾಣೆಯಲ್ಲಿ ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ. ಖುಲಾಸೆಯಾದವರ ದಾಖಲೆ, ನ್ಯಾಯಾಲಯ ಬೇರೆ ಆದೇಶ ಮಾಡದಿದ್ದರೆ, ಅಳಿಸಬೇಕು. ತೀರ್ಪಿನ ಪ್ರತಿ ಹಿಡಿದು ಅಳಿಸಿದ್ದಾರೆಯೇ ಎಂದು ಬೆನ್ನುಹತ್ತಿ ಕೇಳುವ ಕೆಲಸ ಖುಲಾಸೆಯಾದವರದೇ. ಯುರೋಪಿನಲ್ಲೂ ಇದು ಸುಲಭಕ್ಕೆ ಬಂದದ್ದಲ್ಲ. ತಪ್ಪಿತಸ್ಥರಲ್ಲದವರ ಡಿಎನ್‌ಎ ಕೊನೆಯಿಲ್ಲದೆ ಇಟ್ಟುಕೊಳ್ಳುವುದು ತಪ್ಪೆಂದು ಬ್ರಿಟನ್ನಿಗೆ ಹೇಳಲು 2008ರಲ್ಲಿ ಸ್ಟ್ರಾಸ್‌ಬರ್ಗ್‌ನ ಮಾನವ ಹಕ್ಕುಗಳ ನ್ಯಾಯಾಲಯ ಬೇಕಾಯಿತು.

ಈ ಪೊಲೀಸ್ ಭಂಡಾರಕ್ಕೂ ಆಧಾರ್‌ಗೂ ಕೊಂಡಿಯಿಲ್ಲ. ಆಧಾರ್ ಕಾಯ್ದೆಯ 29ನೇ ಕಲಮು ಬೆರಳು, ಕಣ್ಣಿನ ದತ್ತಾಂಶವನ್ನು ಯಾರಿಗೂ ಕೊಡಬಾರದೆನ್ನುತ್ತದೆ. 33ನೇ ಕಲಮಿನಡಿ ಹೈಕೋರ್ಟ್ ನ್ಯಾಯಾಧೀಶರ ಆದೇಶವಿದ್ದರೂ ಸಿಗುವುದು ಹೆಸರು ವಿಳಾಸ, ದೃಢೀಕರಣದ ದಾಖಲೆಯಂಥವು, ಬೆರಳಚ್ಚಲ್ಲ. ಗೋವಾದ ಅತ್ಯಾಚಾರ ಪ್ರಕರಣವೊಂದರಲ್ಲಿ ಸಿಬಿಐ ಆಧಾರ್ ಬೆರಳಚ್ಚು ಕೇಳಿದಾಗ ಸುಪ್ರೀಂ ಕೋರ್ಟ್ 2014ರ ಮಾರ್ಚ್‌ನಲ್ಲಿ ತಡೆಯಿತು. ಹಾಗಾಗಿ ತನಿಖಾಧಿಕಾರಿ ‘ಆಧಾರ್‌ನಿಂದ ಕಳ್ಳನ ಬೆರಳು ಹುಡುಕುತ್ತೇವೆ’ ಎಂದರೆ ಅದು ಆಗುವ ಮಾತಲ್ಲ. ಅವರು ಹಿಡಿಯಬೇಕಾದ ದಾರಿ ಟರ್ಮಿನಲ್ ಐಡಿ, ಏಜೆಂಟನ ಖಾತೆ, ಅಲ್ಲಿಂದ ಹಣ ಹೋದ ಜಾಗ.

ತಮ್ಮನಿಗೂ ಒಂದು ಕೆಲಸ ಹೇಳಿ. ಅವನ ಆಧಾರ್ ಬಯೋಮೆಟ್ರಿಕ್ ಇವತ್ತೇ ಲಾಕ್ ಆಗಲಿ, ಅವನು ಊರಿಗೆ ಬರುವವರೆಗೆ ಅದು ಯಾರಿಗೂ ಬೇಕಿಲ್ಲ. ಅದಕ್ಕೆ ಓಟಿಪಿ ಬರುವುದು ಅವನ ಊರಿನ ಸಿಮ್‌ಗೆ. ಆ ಸಿಮ್ 90 ದಿನ ಬಳಸದೆ ಬಿದ್ದಿದ್ದರೆ ಕಂಪನಿಯವರು ನಿಲ್ಲಿಸುತ್ತಾರೆ, ಮತ್ತೆ 90 ದಿನ ಕಳೆದ ಮೇಲೆ ಅದೇ ಸಂಖ್ಯೆ ಬೇರೆಯವರ ಕೈಸೇರಬಹುದು. ಆಗ ಅವನ ಆಧಾರ್ ಓಟಿಪಿ ಬರುವುದು ಅಪರಿಚಿತರ ಫೋನಿಗೆ. ಡ್ರಾಯರಿನಲ್ಲಿ ಮಲಗಿರುವ ಆ ಸಿಮ್ಮನ್ನು ನಿಮ್ಮ ಫೋನಿನ ಎರಡನೇ ಕಿಂಡಿಗೆ ಹಾಕಿ, ರೀಚಾರ್ಜ್ ತಪ್ಪಿಸಬೇಡಿ.